ಸಂಬಳದ ಕೆಲಸ ಬಿಟ್ಟು ಕಳೆ ಕತ್ತರಿಸುವ ಮಿಷನ್ ರಿಪೇರಿ ಅಂಗಡಿ ಇಡಬೇಕು ಅಂತಿದ್ದೇನೆ, ಮನೆಯಲ್ಲಿ ಎರಡು ಚಿಕ್ಕ ಮಕ್ಕಳು

ಗೋಪಾಳದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಪೂರ್ತಿ ಓದಿ ಹೇಳಿ.

ನನಗೆ 34 ವರ್ಷ. ಶಿವಮೊಗ್ಗದ ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ವಸೂಲಿ ನೋಡಿಕೊಳ್ಳುತ್ತೇನೆ. ಕೈಗೆ 38,000 ಬರುತ್ತದೆ. ಸೇರಿ 4 ವರ್ಷ 7 ತಿಂಗಳಾಯಿತು. ಅದಕ್ಕೂ ಮೊದಲು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 4 ವರ್ಷ ಇದ್ದೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಗೋಪಾಳದಲ್ಲಿ ಬಾಡಿಗೆ ಮನೆ. ಹೆಂಡತಿ, ಈ ವರ್ಷ ಯುಕೆಜಿಗೆ ಹೋಗುವ ಮಗಳು, 11 ತಿಂಗಳ ಮಗ, ಅಮ್ಮ.

ಹೊರಗಿನಿಂದ ನೋಡಿದವರಿಗೆ ಒಳ್ಳೆ ಕೆಲಸ. ಸಂಬಳ ಒಂದು ದಿನವೂ ತಡವಾಗಿಲ್ಲ. ಆದರೆ ತಿಂಗಳಲ್ಲಿ 20ನೇ ತಾರೀಕು ದಾಟಿತು ಅಂದರೆ ನನಗೆ ನಿದ್ದೆ ಹತ್ತುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಎಲ್ಲರನ್ನೂ ಫೋನಿನಲ್ಲಿ ಕೂರಿಸಿ, ಒಬ್ಬೊಬ್ಬರ ಹೆಸರು ಹಿಡಿದು ಟಾರ್ಗೆಟ್ ಕೇಳುತ್ತಾರೆ. ಮಗಳು ಕಥೆ ಹೇಳು ಅಂತ ಪಕ್ಕ ಬಂದು ಕೂರುತ್ತಾಳೆ. ಮಾತು ಮುಗಿಯುವಷ್ಟರಲ್ಲಿ ಅಲ್ಲೇ ಮಲಗಿಬಿಟ್ಟಿರುತ್ತಾಳೆ. ಮೊನ್ನೆ ಬಿಪಿ ನೋಡಿಸಿದೆ, 150/100 ಇತ್ತು.

ಕಳೆದ ತಿಂಗಳು ಒಂದು ಹಳ್ಳಿಗೆ ಹೋಗಿದ್ದೆ. ಮೂರು ಕಂತು ಬಾಕಿ ಇದ್ದ ಮನೆ. ಗಂಡ ತೋಟದ ಕೆಲಸಕ್ಕೆ ಹೋಗಿದ್ದ. ಆ ತಾಯಿ ನನ್ನನ್ನು ನೋಡಿದ ತಕ್ಷಣ ಮಗುವನ್ನು ಒಳಗೆ ಕಳಿಸಿ, ಬಾಗಿಲು ಅರ್ಧ ಮುಚ್ಚಿಕೊಂಡು ನಿಂತರು. ಮಗುವಿಗೆ ನನ್ನ ಮಗಳದ್ದೇ ವಯಸ್ಸು. ನಾನು ಏನೂ ಕೇಳದೆ ಗಾಡಿ ತಿರುಗಿಸಿಕೊಂಡು ಬಂದೆ. ಅವತ್ತಿನಿಂದ ಯಾರ ಮನೆ ಅಂಗಳಕ್ಕೆ ಕಾಲಿಟ್ಟರೂ ಆ ಬಾಗಿಲೇ ಕಣ್ಣಿಗೆ ಬರುತ್ತದೆ.

ನನಗೆ ನಿಜವಾಗಿ ಬರುವ ಕೆಲಸ ಮಿಷನ್‌ದು. ಸೋದರಮಾವನ ಊರು ಆಯನೂರಿನಿಂದ ಒಳಗೆ. ಅಲ್ಲಿ ಮಾವನ ಮಗ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಕಳೆ ಮಿಷನ್, ಔಷಧಿ ಹೊಡೆಯುವ ಪಂಪ್ ರಿಪೇರಿ ಮಾಡುತ್ತಾನೆ. ಎರಡು ವರ್ಷದಿಂದ ಭಾನುವಾರ ನಾನೂ ಹೋಗಿ ಕೂರುತ್ತೇನೆ. ಒಂದು ಕಾರ್ಬುರೇಟರ್ ಬಿಚ್ಚಿ ಹರಡಿಕೊಂಡರೆ ಊಟದ ಹೊತ್ತು ದಾಟಿದ್ದೂ ಗೊತ್ತಾಗುವುದಿಲ್ಲ. ಆಯನೂರಿನಲ್ಲಿ ಒಂದು ಮಳಿಗೆ ಖಾಲಿ ಇದೆ. ಬಾಡಿಗೆ 4,500, ಅಡ್ವಾನ್ಸ್ 50,000. ಸಾಮಾನು, ಬಿಡಿಭಾಗ ಎಲ್ಲ ಸೇರಿ ಇನ್ನೊಂದು 1,30,000 ಬೇಕು. ಉಳಿತಾಯ 2,60,000 ಇದೆ. ಮನೆ ಖರ್ಚು ತಿಂಗಳಿಗೆ 27,500.

ಬಿಡಲೋ ಬೇಡವೋ? ಮನೆಯಲ್ಲಿ ಇನ್ನೂ ಸರಿಯಾಗಿ ಮಾತಾಡಿಲ್ಲ. ಹೆಂಡತಿಗೆ ಗಾಬರಿ ಆಗುತ್ತದೆ ಅಂತ ಸುಮ್ಮನಿದ್ದೇನೆ.

ಮಂಡಗದ್ದೆ

ಬಿಪಿ 150 ಅಂದಮೇಲೆ ಯೋಚನೆ ಏನಿದೆ? ಬಿಟ್ಟುಬಿಡಿ ಮಾರಾಯ್ರೆ. ಜೀವ ಮೊದಲು. ನಮ್ಮ ಕಡೆ ಕಳೆ ಮಿಷನ್ ಇಲ್ಲದ ತೋಟವೇ ಇಲ್ಲ. ಕೆಟ್ಟರೆ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಹೊತ್ತುಕೊಂಡು ಹೋಗಬೇಕು. ಕೆಲಸಕ್ಕೆ ಬರ ಇರುವುದಿಲ್ಲ.

ಸಾಗರ ರಸ್ತೆ

ಮೇಲಿನವರು ಹೇಳಿದ್ದು ಪ್ರೀತಿಯಿಂದಲೇ. ಆದರೂ ನಾನು ಬೇಡ ಅನ್ನುತ್ತೇನೆ, ಈಗಲೇ ಬೇಡ.

ನಾನು ಹೀಗೇ ಬಿಟ್ಟವನು. ಒಂದು ದಿನ ಆಫೀಸಿನಲ್ಲಿ ಎಲ್ಲರ ಮುಂದೆ ಬೈಸಿಕೊಂಡೆ. ಮಾರನೇ ದಿನ ರಾಜೀನಾಮೆ ಕೊಟ್ಟೆ. ಸಾಗರ ರಸ್ತೆಯಲ್ಲಿ ತಿಂಡಿ ಹೋಟೆಲ್ ಇಟ್ಟೆ. ಜೋಗಕ್ಕೆ ಹೋಗುವ ಗಾಡಿಗಳು ನಿಲ್ಲುತ್ತವೆ ಅನ್ನುವುದು ನನ್ನ ಲೆಕ್ಕ. ಶನಿವಾರ ಭಾನುವಾರ ನಿಲ್ಲುತ್ತಿದ್ದವು. ಸೋಮವಾರದಿಂದ ಶುಕ್ರವಾರ ರುಬ್ಬಿದ ಹಿಟ್ಟು ಹುಳಿ ಬಂದು ಚೆಲ್ಲುತ್ತಿದ್ದೆ. ದೋಸೆ ಭಟ್ಟರು ಮೂರನೇ ತಿಂಗಳು ಹೇಳದೆ ಕೇಳದೆ ಬಿಟ್ಟು ಹೋದರು. ನನಗೆ ದೋಸೆ ಹುಯ್ಯಲು ಬರುತ್ತಿರಲಿಲ್ಲ. ಹೆಂಡತಿಯ ಬಳೆ ಅಡ ಇಟ್ಟೆ. ಅದನ್ನು ಬಿಡಿಸಲು ಆಗಲಿಲ್ಲ. 14 ತಿಂಗಳಿಗೆ ಬಾಗಿಲು ಹಾಕಿದೆ. ಈಗ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ, 22,000.

ನಾನು ಆ ಕೆಲಸದಿಂದ ಓಡಿ ಬಂದವನೇ ಹೊರತು ಹೋಟೆಲ್ ಮಾಡಬೇಕು ಅಂತ ಬಂದವನಲ್ಲ. ನಿಮ್ಮದು ಹಾಗಲ್ಲ, ನಿಮಗೆ ಕೈಕೆಲಸ ಗೊತ್ತಿದೆ. ಆದರೆ ಒಂದು ಲೆಕ್ಕ ಹಾಕಿ. 2,60,000 ಅಂದರೆ ಒಂಬತ್ತು ತಿಂಗಳು ಮನೆ ನಡೆಯುತ್ತದೆ ಅಂತ ನಿಮ್ಮ ಮನಸ್ಸಿನಲ್ಲಿರಬಹುದು. ಅಂಗಡಿಗೆ 1,80,000 ಹಾಕಿದ ಮೇಲೆ ಉಳಿಯುವುದು 80,000. ಅದು ಮೂರು ತಿಂಗಳಿಗೂ ಸಾಲುವುದಿಲ್ಲ.

ಮತ್ತೆ, ಮನೆಯವರಿಗೆ ಗಾಬರಿ ಆಗುತ್ತದೆ ಅಂತ ಸುಮ್ಮನಿದ್ದೇನೆ ಅಂದಿರಲ್ಲ, ನಾನೂ ಅದನ್ನೇ ಮಾಡಿದ್ದೆ. ದಯವಿಟ್ಟು ಇವತ್ತೇ ಮಾತಾಡಿ.

ನಿವೃತ್ತ ಗುಮಾಸ್ತ

ಮಗನ ವಯಸ್ಸಿನವರು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ನನ್ನ ಸರ್ವಿಸೆಲ್ಲ ಸಿಬ್ಬಂದಿ ವಿಭಾಗದಲ್ಲೇ ಕಳೆಯಿತು.

ಮೊದಲು ಗ್ರಾಚ್ಯುಟಿ, ಅಂದರೆ ಸೇವೆಯ ಲೆಕ್ಕಕ್ಕೆ ಕೆಲಸ ಬಿಡುವಾಗ ಕಂಪನಿ ಕೊಡುವ ದುಡ್ಡು. ಅದಕ್ಕೆ ಒಂದೇ ಕಡೆ 5 ವರ್ಷ ಸೇವೆ ಆಗಬೇಕು. ನಿಮಗೆ ಇನ್ನು 5 ತಿಂಗಳು ಇದೆ. ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದ ಲೆಕ್ಕಕ್ಕೆ ಗುಣಿಸುತ್ತಾರೆ. ಆ ಮೊತ್ತ 18,000 ಇದ್ದರೆ 5 ವರ್ಷಕ್ಕೆ 51,923 ರೂಪಾಯಿ. ಈಗ ಬಿಟ್ಟರೆ ನಿಮ್ಮ ಮಳಿಗೆಯ ಅಡ್ವಾನ್ಸ್ ಅಷ್ಟು ದುಡ್ಡನ್ನು ಕೈಯಾರೆ ಬಿಟ್ಟಂತೆ.

ಎರಡನೆಯದು ಪಿಎಫ್. ಅದರೊಳಗೆ ಪಿಂಚಣಿಯ ಭಾಗ ಬೇರೆ ಇರುತ್ತದೆ. ಒಟ್ಟು 10 ವರ್ಷ ಆದರೆ 58ಕ್ಕೆ ಪಿಂಚಣಿ ಸಿಗುತ್ತದೆ. ಹಳೆಯ ಕಾರ್ಖಾನೆಯ ಖಾತೆ ಇದಕ್ಕೆ ವರ್ಗ ಆಗಿದೆಯಾ ನೋಡಿ. ಆಗಿದ್ದರೆ ಆಗಸ್ಟ್‌ಗೆ ನಿಮ್ಮದು 9 ವರ್ಷ. ಆ ಪಿಂಚಣಿ ಭಾಗದ ದುಡ್ಡು ತೆಗೆಯಬೇಡಿ. ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮುಂದೆ ಯಾವತ್ತಾದರೂ ಪಿಎಫ್ ಇರುವ ಕೆಲಸಕ್ಕೆ ಸೇರಿದರೆ ಈ 9 ವರ್ಷ ಅಲ್ಲಿಗೆ ಸೇರಿಕೊಳ್ಳುತ್ತದೆ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಕಂಪನಿಯ ಆರೋಗ್ಯ ವಿಮೆ ನೀವು ಬಿಟ್ಟ ದಿನ ನಿಲ್ಲುತ್ತದೆ. ಬಿಪಿ ಇದೆ ಅಂತ ಗೊತ್ತಾದ ಮೇಲೆ ಹೊಸದಾಗಿ ಪಾಲಿಸಿ ಮಾಡಿಸಿದರೆ ಅದಕ್ಕೆ ಸಂಬಂಧಪಟ್ಟ ಚಿಕಿತ್ಸೆಗೆ 3 ವರ್ಷದವರೆಗೂ ಕಾಯಿಸಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ. ಕೆಲಸದಲ್ಲಿ ಇರುವಾಗಲೇ ಕೇಳಿ. ಬಿಪಿ ಮುಚ್ಚಿಡಬೇಡಿ, ಆಮೇಲೆ ಕ್ಲೇಮ್ ತಿರಸ್ಕಾರ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ, ಅಷ್ಟು ಹಗುರ. ಅಮ್ಮನ ಹೆಸರು ಸಹಕಾರ ಸಂಘದಲ್ಲಿ ಇದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ. ಟರ್ಮ್ ಜೀವ ವಿಮೆಯನ್ನೂ ಸಂಬಳದ ಚೀಟಿ ಕೈಯಲ್ಲಿ ಇರುವಾಗಲೇ ಮಾಡಿಸಿಬಿಡಿ.

ಇನ್ನೊಂದು. ನೇಮಕಾತಿ ಪತ್ರ ತೆಗೆದು ಓದಿ. ನೋಟಿಸ್ ಎಷ್ಟು ದಿನ, ಬೇರೆ ವ್ಯಾಪಾರ ಮಾಡಬಾರದು ಅಂತ ಇದೆಯಾ ನೋಡಿಕೊಳ್ಳಿ.

ಮಾತ್ರೆ ಕೊಟ್ಟಿದ್ದಾರೆ ತಾನೆ? ತಪ್ಪಿಸಬೇಡಿ. ಕೆಲಸ ಬಿಟ್ಟ ಮಾರನೇ ದಿನ ಬಿಪಿ ಇಳಿಯುವುದಿಲ್ಲ.

ತೀರ್ಥಹಳ್ಳಿ ಮೆಕ್ಯಾನಿಕ್

ನಾನು ಇದೇ ಅಂಗಡಿ ಇಟ್ಟು 11 ವರ್ಷ. ನನ್ನ ಅನುಭವ ಹೇಳುತ್ತೇನೆ.

ಈ ಕೆಲಸ ತಿಂಗಳ ಲೆಕ್ಕದ್ದಲ್ಲ, ಮಳೆ ಲೆಕ್ಕದ್ದು. ಮೇ ಕೊನೆಗೆ ತೋಟದವರು ಅಡಿಕೆಗೆ ಬೋರ್ಡೋ ಔಷಧಿ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಪಂಪ್ ಹೊರಗೆ ತೆಗೆಯುತ್ತಾರೆ. ಹೋದ ವರ್ಷ ತೊಳೆಯದೆ ಇಟ್ಟಿರುತ್ತಾರೆ. ಮೈಲುತುತ್ತ ಸುಣ್ಣ ಒಳಗೆ ಹೆಪ್ಪುಗಟ್ಟಿ ವಾಲ್ವ್ ಕಚ್ಚಿರುತ್ತದೆ, ಸೀಲು ಹೋಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳೆ ಮಿಷನ್. ಆಮೇಲೆ ಅಡಿಕೆ ಗೊನೆ ತೆಗೆಯುವ ಕಾಲ ಬಂದರೆ ಅಡಿಕೆ ಸುಲಿಯುವ ಮಿಷನ್. ಅದು ಜನವರಿವರೆಗೆ. ಫೆಬ್ರವರಿಯಿಂದ ಮೇವರೆಗೆ ನೀರಿನ ಮೋಟರ್. ಮೋಟರ್ ರೀವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು, ನಿಮಗೆ ಬರದಿದ್ದರೆ ಆ ನಾಲ್ಕು ತಿಂಗಳು ಬಾಗಿಲು ತೆಗೆದು ಕೂರುವುದಷ್ಟೇ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಇದನ್ನು ಊಟ ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ನೋಡಿಯೇ ಆಮೇಲೆ ದೇಶದಲ್ಲೆಲ್ಲ ಮಾಡಿದ್ದು. ನಾನು ಕಲಿತಿದ್ದೂ ಹಾಗೇ.

ಇನ್ನು ದುಡ್ಡು. ಮೊದಲ ವರ್ಷ ನಾನು ಮನೆಗೆ ಕೊಟ್ಟಿದ್ದು ಸರಾಸರಿ ತಿಂಗಳಿಗೆ 9,000. ಕೆಲಸ ಇರಲಿಲ್ಲ ಅಂತಲ್ಲ, ಕೈ ತುಂಬಾ ಇತ್ತು. ದುಡ್ಡು ಉದ್ರಿ ಪುಸ್ತಕದಲ್ಲಿತ್ತು. "ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ" ಅನ್ನುತ್ತಾರೆ. ಸುಳ್ಳಲ್ಲ, ಕೊಡುತ್ತಾರೆ. ಅವರಿಗೆ ದುಡ್ಡು ಬರುವುದೇ ಆವಾಗ. ಆದರೆ ಜುಲೈನಲ್ಲಿ ಹಾಕಿದ ಬಿಡಿಭಾಗದ ದುಡ್ಡು ಜನವರಿಗೆ ಬಂದರೆ ಆಗಸ್ಟ್‌ನಲ್ಲಿ ಹಾಲಿನವನಿಗೆ ಏನು ಕೊಡುತ್ತೀರಿ? ಮೊದಲ ಮಳೆಗಾಲ ಮುಗಿದಾಗ ನನಗೆ ಬರಬೇಕಿದ್ದುದು 62,000. ಆಮೇಲೆ ಅಡಿಕೆಗೆ ಎಲೆಚುಕ್ಕಿ ರೋಗ ಜಾಸ್ತಿ ಆದ ವರ್ಷ ಉದ್ರಿ ದುಡ್ಡೂ ಕಾಲಕ್ಕೆ ಸರಿಯಾಗಿ ಬರಲಿಲ್ಲ. ಈಗ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬಿಡಿಭಾಗದ ದುಡ್ಡು ಕೈಗೆ ಬಂದ ಮೇಲೆಯೇ ಮಿಷನ್ ಆಚೆ ಹೋಗುವುದು. ಮಜೂರಿ ಬೇಕಾದರೆ ಉದ್ರಿ.

ಬಿಡಿಭಾಗಕ್ಕೆ 1,30,000 ಹಾಕಬೇಡಿ. ಒಂದೊಂದು ಕಂಪನಿಯ ಕ್ಲಚ್, ಸ್ಟಾರ್ಟರ್ ಒಂದೊಂದು ತರ. ತಂದಿಟ್ಟಿದ್ದರಲ್ಲಿ ಅರ್ಧ ಹಾಗೇ ಧೂಳು ತಿನ್ನುತ್ತದೆ. ಡಯಾಫ್ರಾಮ್ (ಕಾರ್ಬುರೇಟರ್ ಒಳಗಿನ ತೆಳು ಪೊರೆ) ಕಿಟ್, ಪ್ಲಗ್, ಪೆಟ್ರೋಲ್ ಪೈಪು, ಫಿಲ್ಟರ್, ಸ್ಟಾರ್ಟರ್ ಹಗ್ಗ ಇಷ್ಟು ಇದ್ದರೆ ಬರುವ ಮಿಷನ್‌ಗಳಲ್ಲಿ ಮುಕ್ಕಾಲು ಪಾಲು ನಡೆಯುತ್ತದೆ. ಉಳಿದಿದ್ದಕ್ಕೆ ಶಿವಮೊಗ್ಗದಿಂದ ಬಸ್ಸಿನಲ್ಲಿ ತರಿಸಿ.

ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಿಷನ್ ಸ್ಟಾರ್ಟ್ ಆಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಆಫ್ ಆಗುತ್ತದೆ. ಮೊದಲು ಏನು ನೋಡುತ್ತೀರಿ?

ಗೋಪಾಳದವ

ಎಲ್ಲರಿಗೂ ಮನಸಾರೆ ಧನ್ಯವಾದ. ಸಾಗರ ರಸ್ತೆ ಅಣ್ಣ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಇವತ್ತು ರಾತ್ರಿ ಅವಳ ಹತ್ತಿರ ಮಾತಾಡುತ್ತೇನೆ.

ಮೆಕ್ಯಾನಿಕ್ ಅಣ್ಣ, ಮೊದಲು ಪೆಟ್ರೋಲ್ ಫಿಲ್ಟರ್. ಆಮೇಲೆ ಟ್ಯಾಂಕ್ ಮುಚ್ಚಳದ ಗಾಳಿ ತೂತು. ಅದೂ ಸರಿ ಇದ್ದರೆ ಕಾರ್ಬುರೇಟರ್ ಡಯಾಫ್ರಾಮ್. ಸೈಲೆನ್ಸರ್ ಬಾಯಿಗೆ ಮಸಿ ಕಟ್ಟಿದ್ದರೂ ಹೀಗಾಗುತ್ತದೆ.

ತೀರ್ಥಹಳ್ಳಿ ಮೆಕ್ಯಾನಿಕ್

ಎಲ್ಲ ಸರಿ. ಆದರೆ ಬಿಚ್ಚುವುದಕ್ಕಿಂತ ಮೊದಲು ಮಾಲೀಕರನ್ನು ಕೇಳಬೇಕು: ಪೆಟ್ರೋಲ್ ಯಾವಾಗ ತುಂಬಿಸಿದ್ದು, ಎಣ್ಣೆ ಎಷ್ಟು ಬೆರೆಸಿದ್ದು ಅಂತ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ಹೋದ ಮಳೆಗಾಲದ ಪೆಟ್ರೋಲ್ ಟ್ಯಾಂಕಿನಲ್ಲೇ ಬಿಟ್ಟಿದ್ದರೆ ಡಯಾಫ್ರಾಮ್ ಬೆರಳಲ್ಲಿ ಒತ್ತಿ ನೋಡಿ, ಒಣಗಿದ ಅಡಿಕೆ ಹಾಳೆ ತರ ಕಟ್ ಅನ್ನುತ್ತದೆ. ಒಂದು ಲೀಟರಿಗೆ 20 ಮಿಲಿ ಎಣ್ಣೆ ಬೇಕಾದ ಮಿಷನ್ ಇದೆ, 40 ಮಿಲಿ ಬೇಕಾದ್ದೂ ಇದೆ. ಒಬ್ಬರ ಮಿಷನ್ ನೋಡಿ ಇನ್ನೊಬ್ಬರು ಹಾಕಿದರೆ ಪಿಸ್ಟನ್ ಹೋಗುತ್ತದೆ. ಇದನ್ನು ಸಮಾಧಾನವಾಗಿ ಹೇಳಿ ಕಳಿಸಿದರೆ ಆ ಜನ ನಿಮ್ಮನ್ನು ಬಿಡುವುದಿಲ್ಲ.

ಮಿಡಿ ಉಪ್ಪಿನಕಾಯಿ

ನಾನು ಹೊಸನಗರ ತಾಲೂಕಿನವಳು. ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ, 16,000 ಸಂಬಳ. ಬಿಟ್ಟು ಮಿಡಿ ಉಪ್ಪಿನಕಾಯಿ ಶುರು ಮಾಡಿದೆ. ಮನೆಯವರ ಸಂಬಳ ನಿಲ್ಲಲಿಲ್ಲ, ಹಾಗಾಗಿ ಧೈರ್ಯ ಮಾಡಿದೆ. ತಮ್ಮಾ, ನಿಮ್ಮದು ಒಂದೇ ಸಂಬಳದ ಮನೆ. ಇದು ಬಹಳ ದೊಡ್ಡ ವ್ಯತ್ಯಾಸ.

ಮೊದಲ ವರ್ಷದ್ದು ಒಂದು ಹೇಳುತ್ತೇನೆ. ಜೀರಿಗೆ ಮಿಡಿ, ಒಳ್ಳೆ ಪರಿಮಳದ್ದು. ನೆಲಕ್ಕೆ ಬೀಳದಂತೆ ತೊಟ್ಟಿನ ಸಮೇತ ಇಳಿಸಿದ್ದು. ಉಪ್ಪಿನಲ್ಲಿ ಚೆನ್ನಾಗಿ ಮುರುಟಿ ಬಂದಿತ್ತು. ಖಾರ ಬೆರೆಸುವ ದಿನ ಸಹಾಯಕ್ಕೆ ಬಂದ ಹುಡುಗಿ ತೊಳೆದ ಸೌಟನ್ನು ಒರೆಸದೆ ಹಾಕಿದಳು. ನನ್ನ ಕಣ್ಣಿಗೆ ಬಿತ್ತು, ಇಷ್ಟಕ್ಕೇನಾಗುತ್ತದೆ ಅಂತ ಬಿಟ್ಟೆ. ಎರಡು ತಿಂಗಳಿಗೆ ಮೇಲೆ ಬಿಳಿ ಬೂಸ್ಟು. 40 ಕೆಜಿ ಗೊಬ್ಬರ ಗುಂಡಿಗೆ ಹೋಯಿತು. ಮಿಡಿ ಬರುವುದು ವರ್ಷಕ್ಕೆ ಒಂದೇ ಸಲ. ಮತ್ತೆ ಮಾಡಲು ಮುಂದಿನ ವರ್ಷದವರೆಗೆ ಕಾಯಬೇಕು. ಅವತ್ತು ಮನೆಯಲ್ಲಿ ಸಂಬಳ ಇಲ್ಲದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಕಾಗದ ಪತ್ರಕ್ಕೆ ಹೆದರಬೇಡಿ. ಉದ್ಯಮ್ ನೋಂದಣಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಆಹಾರದ ಪರವಾನಗಿ ನಾನು ಮಾಡಿಸಿದಾಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ನಾನು ಹೊರ ರಾಜ್ಯಕ್ಕೂ ಸರಕು ಕಳಿಸುತ್ತೇನೆ, ಅದಕ್ಕೆ ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ಬೇಕು. ನಿಮ್ಮದು ರಿಪೇರಿ, ವರ್ಷಕ್ಕೆ 20 ಲಕ್ಷ ದಾಟುವವರೆಗೆ ಅದರ ಚಿಂತೆ ಇಲ್ಲ. ನನಗೆ ಡ್ರೈಯರ್, ಸೀಲಿಂಗ್ ಮಿಷನ್‌ಗೆ ಕಿರು ಆಹಾರ ಉದ್ಯಮದ ಯೋಜನೆಯಲ್ಲಿ ಸಾಲ ಆಯಿತು. ಕೇಂದ್ರದ್ದು ಶೇ 35, ರಾಜ್ಯದ್ದು ಶೇ 15 ಸಹಾಯಧನ. ನಿಮ್ಮ ಕೆಲಸ ಆ ಯೋಜನೆಗೆ ಬರುವುದಿಲ್ಲ. ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿ ವಿಚಾರಿಸಿ.

ನಿವೃತ್ತ ಗುಮಾಸ್ತ

ಅಕ್ಕಾವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪಿಎಂಇಜಿಪಿಯಲ್ಲಿ 2025-26ರವರೆಗಿನ ನಿಯಮದ ಪ್ರಕಾರ ಹಳ್ಳಿಯಲ್ಲಿ ಇಡುವ ಘಟಕಕ್ಕೆ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ 35 ಸಹಾಯಧನ. ಆದರೆ ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಇದ್ದು ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಅಲ್ಲಿಯವರೆಗೆ ಕಂತು ಕಟ್ಟಲೇಬೇಕು. ಹೊಸ ಘಟಕಕ್ಕೆ ಮಾತ್ರ ಕೊಡುತ್ತಾರೆ, ಅಂಗಡಿ ತೆರೆದ ಮೇಲೆ ಹೋದರೆ ಆಗುವುದಿಲ್ಲ.

ಹಿನ್ನೀರು

ನಮ್ಮದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು ಕಡೆ. ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯುವವರಿಗೆ ಚಹಾ, ಚುರುಮುರಿ ಮಾರುವ ಅಂಗಡಿ ಇತ್ತು ನಮ್ಮ ದೊಡ್ಡಪ್ಪನದ್ದು. ಗಾಡಿ ಸಾಲು ಎಷ್ಟು ಉದ್ದವೋ ವ್ಯಾಪಾರ ಅಷ್ಟು. 2025ರ ಜುಲೈ 14ಕ್ಕೆ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗುವವರು ಈಗ ನಿಲ್ಲದೆ ದಾಟುತ್ತಾರೆ. ಆ ಸೇತುವೆಗೆ ನಾವೇ ಎಷ್ಟೋ ವರ್ಷ ಕಾದಿದ್ದೆವು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಏನು ಕಷ್ಟ ಇತ್ತು ಅನ್ನುವುದು ನಮಗೇ ಗೊತ್ತು. ಸೇತುವೆ ಆಗಿದ್ದು ಬಹಳ ಒಳ್ಳೆಯದಾಯಿತು. ದೊಡ್ಡಪ್ಪ ಅಂಗಡಿ ಎತ್ತಿ ಈಗ ಬೇರೆ ಕಡೆ ಇಟ್ಟಿದ್ದಾರೆ. ನೀವು ಮಳಿಗೆ ಹಿಡಿಯುವ ಮುಂಚೆ ಆ ಜಾಗದಲ್ಲಿ ಜನ ಯಾಕೆ ನಿಲ್ಲುತ್ತಾರೆ ಅಂತ ಒಂದು ವಾರ ಕೂತು ನೋಡಿ.

ಮೋಟರ್ ಅಂಗಡಿ ಮಗಳು

ಇಲ್ಲಿ ಎಲ್ಲರೂ ದೊಡ್ಡವರ ಕಡೆಯಿಂದ ಬರೆದಿದ್ದೀರಿ. ನಾನು ಮಗುವಿನ ಕಡೆಯಿಂದ ಹೇಳುತ್ತೇನೆ.

ನಮ್ಮಪ್ಪ ಭದ್ರಾವತಿಯಲ್ಲಿ ಮೋಟರ್ ರೀವೈಂಡಿಂಗ್ ಮಾಡುತ್ತಿದ್ದರು. ಊರಲ್ಲಿ ಹೆಚ್ಚಿನವರ ಅಪ್ಪಂದಿರು ಕಾರ್ಖಾನೆಗೆ ಹೋಗುತ್ತಿದ್ದರು, ಸೈರನ್ ಆದರೆ ಮನೆಗೆ ಬರುತ್ತಿದ್ದರು. ನಮ್ಮಪ್ಪನಿಗೆ ಸೈರನ್ ಇರಲಿಲ್ಲ. ಅಂಗಿಯಲ್ಲಿ ಯಾವಾಗಲೂ ವಾರ್ನಿಷ್ ವಾಸನೆ. ಸುಟ್ಟ ಕಾಯಿಲ್ ಕಿತ್ತು ತೆಗೆದ ಹಳೆ ತಾಮ್ರದ ತಂತಿಯಲ್ಲಿ ನನಗೆ ಬಳೆ ಮಾಡಿ ಕೊಡುತ್ತಿದ್ದರು.

ದೇವರ ಕೋಣೆ ಪಕ್ಕದ ಗೂಡಿನಲ್ಲಿ ಮೂರು ಡಬ್ಬ ಇತ್ತು. ಒಂದರ ಮೇಲೆ "ಬಾಡಿಗೆ", ಒಂದರ ಮೇಲೆ "ಮನೆ", ಒಂದರ ಮೇಲೆ "ತಾಮ್ರ". ರಾತ್ರಿ ಬಂದವರೇ ಅವತ್ತಿನ ದುಡ್ಡು ಮೂರಕ್ಕೂ ಹಂಚುತ್ತಿದ್ದರು. ತಾಮ್ರದ ಡಬ್ಬ ಯಾವತ್ತೂ ಬೇರೆಯದಕ್ಕೆ ತೆಗೆಯುವಂತಿರಲಿಲ್ಲ. ಶಾಲೆಯ ಪ್ರವಾಸಕ್ಕೆ ದುಡ್ಡು ಕೇಳಿದ್ದೆ. ಮನೆ ಡಬ್ಬ ಖಾಲಿ, ತಾಮ್ರದ್ದು ತುಂಬಿತ್ತು. ಕೊಡಲಿಲ್ಲ. ಅತ್ತೆ. ಅಪ್ಪ ನನ್ನನ್ನು ಕೂರಿಸಿಕೊಂಡು ಡಬ್ಬ ತೆಗೆದು ತೋರಿಸಿದರು. "ಇದು ಖಾಲಿ ಆದರೆ ನಾಳೆ ಬಂದ ಮೋಟರಿಗೆ ಸುತ್ತಲು ತಂತಿ ಇರಲ್ಲ ಪುಟ್ಟಿ" ಅಂದರು. ನನಗೆ ಎಂಟು ವರ್ಷ, ಅರ್ಥ ಆಯಿತು.

ಅಪ್ಪ ಮಣಿಕಟ್ಟು ಮುರಿದುಕೊಂಡಾಗ ಆರು ವಾರ ಅಂಗಡಿ ಮುಚ್ಚಿತ್ತು. ಅದು ಕಷ್ಟದ ಕಾಲ. ರಜೆ ಅನ್ನುವುದು ಸಂಬಳದವರಿಗೆ ಮಾತ್ರ. ಅದಕ್ಕೂ ಒಂದು ಡಬ್ಬ ಇದ್ದಿದ್ದರೆ ಚೆನ್ನಾಗಿತ್ತು.

ನಿಮ್ಮ ಮಗಳು ಕಥೆ ಕೇಳುತ್ತಾ ಮಲಗಬೇಕು ಅಂತ ನಿಮಗೆ ಆಸೆ ಇದೆ ಅಲ್ವಾ? ನಮ್ಮಪ್ಪ ಜೂನ್‌ನಿಂದ ಬೇಸಿಗೆವರೆಗೆ ಸಂಜೆ ಬೇಗ ಬರುತ್ತಿದ್ದರು, ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಬರುತ್ತಿರಲಿಲ್ಲ. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಗೋಪಾಳದವ

ಮಾತಾಡಿದೆ. ಹೇಗಾಯಿತು ಅಂತ ಬರೆಯುತ್ತೇನೆ.

ಮಕ್ಕಳು ಮಲಗಿದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತೆವು. ನಾನು 27,500ರ ಲೆಕ್ಕ ಬರೆದು ತೋರಿಸಿದೆ. ಬಾಡಿಗೆ, ಶಾಲೆ, ಹಾಲು, ದಿನಸಿ, ಅಮ್ಮನ ಮಾತ್ರೆ, ಬೈಕಿನ ಕಂತು. ಅವಳು ಪೆನ್ನು ತೆಗೆದುಕೊಂಡು ಕೆಳಗೆ ಬರೆಯುತ್ತಾ ಹೋದಳು. ಗ್ಯಾಸ್. ಮಗಳ ವ್ಯಾನ್. ಮಗನ ಲಸಿಕೆ. ಹಬ್ಬ. ಮದುವೆ ಗೃಹಪ್ರವೇಶಕ್ಕೆ ಮುಯ್ಯಿ. ಸಂಘದ ವಾರದ ಕಂತು. ಕೂಡಿಸಿದರೆ 33,200. ಐದು ಸಾವಿರದ ಏಳುನೂರು ಜಾಸ್ತಿ. ಇದು ಎಲ್ಲಿಂದ ಬರುತ್ತಿತ್ತು ಅಂತ ಕೇಳಿದೆ.

"ಬ್ಲೌಸ್ ಹೊಲಿದ ದುಡ್ಡು" ಅಂದಳು.

ಅವಳು ಮನೆಯಲ್ಲಿ ಹೊಲಿಯುತ್ತಾಳೆ ಅನ್ನುವುದು ನನಗೆ ಗೊತ್ತಿತ್ತು. ಮಷಿನ್ ತಂದುಕೊಟ್ಟವನೇ ನಾನು. ಆದರೆ ಅದು ಸಣ್ಣಪುಟ್ಟ ಖರ್ಚಿಗೆ ಅಂದುಕೊಂಡಿದ್ದೆ. ಬೀರುವಿನಿಂದ ಅವಳದೇ ಒಂದು ಪುಸ್ತಕ ತಂದಳು. ಆರು ವರ್ಷದ ಲೆಕ್ಕ ಅದರಲ್ಲಿದೆ. ಆಷಾಢದಲ್ಲಿ ಪುಟ ಹೆಚ್ಚುಕಡಿಮೆ ಖಾಲಿ. ಶ್ರಾವಣಕ್ಕೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಒಂದೇ ದಿನಕ್ಕೆ ಒಂಬತ್ತು ಬ್ಲೌಸ್. ಯಾರು ಕೊಟ್ಟರು, ಯಾರದ್ದು ಉದ್ರಿ, ಯಾರದ್ದು ಎರಡು ವರ್ಷವಾದರೂ ಬಂದಿಲ್ಲ, ಎಲ್ಲ ಇದೆ. ಫಾಲ್ಸ್, ಲೈನಿಂಗ್, ದಾರಕ್ಕೆ ಹಾಕಿದ ದುಡ್ಡು ಬೇರೆ ಕಾಲಂನಲ್ಲಿದೆ. ಮೆಕ್ಯಾನಿಕ್ ಅಣ್ಣ ಹೇಳಿದ ಬಿಡಿಭಾಗದ ನಿಯಮ ಅವಳು ಮೊದಲಿನಿಂದಲೇ ಪಾಲಿಸುತ್ತಿದ್ದಾಳೆ, ಲೈನಿಂಗ್ ಬಟ್ಟೆ ದುಡ್ಡು ಮೊದಲೇ ಇಸಿದುಕೊಳ್ಳುತ್ತಾಳೆ.

"ನೀವು ಹೆದರ್ತಿರೋದು ನನಗೆ ಹೊಸದಲ್ಲ. ಆಷಾಢ ಬಂದರೆ ನನಗೂ ಹೀಗೇ ಆಗುತ್ತೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಅಂದಳು. ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅವಳಿಗೆ ಗಾಬರಿ ಆಗುತ್ತದೆ ಅಂತ ಮೊದಲು ಬರೆದಿದ್ದೆ. ಆ ಮಾತು ತಪ್ಪು.

ಇಬ್ಬರೂ ಸೇರಿ ತೀರ್ಮಾನ ಮಾಡಿದ್ದು ಇಷ್ಟು. ಆಗಸ್ಟ್ ಕೊನೆಯವರೆಗೆ ಕೆಲಸ ಬಿಡುವುದಿಲ್ಲ. ನೋಟಿಸ್ 60 ದಿನ, ಜೂನ್ ಕೊನೆಗೆ ಪತ್ರ ಕೊಟ್ಟರೆ 5 ವರ್ಷ ತುಂಬಿಸಿಕೊಂಡು ಹೊರಗೆ ಬರುತ್ತೇನೆ. ಆರೋಗ್ಯ ವಿಮೆಯ ಅರ್ಜಿ ಈ ವಾರವೇ. ಆಯನೂರಿನ ಮಳಿಗೆ ಬೇಡ. ಮೊದಲ ವರ್ಷ ಮಾವನ ಶೆಡ್ಡಿನಲ್ಲೇ ಮಾಡುತ್ತೇನೆ, ಮಾವನ ಮಗನ ಜೊತೆ ಪಾಲುದಾರಿಕೆ. ಬಂಗಾರ ಮುಟ್ಟುವುದಿಲ್ಲ. ಉದ್ರಿ ಪುಸ್ತಕ ಅವಳೇ ಬರೆಯುತ್ತಾಳೆ. ನೇಮಕಾತಿ ಪತ್ರದಲ್ಲಿ ಬೇರೆ ವ್ಯಾಪಾರ ಮಾಡಬಾರದು ಅಂತ ಇದೆ, ಹಾಗಾಗಿ ಆಗಸ್ಟ್‌ವರೆಗೆ ಭಾನುವಾರದ ದುಡ್ಡು ಮಾವನ ಮಗನದ್ದೇ. ನಾನು ಕಲಿಯುವುದಕ್ಕೆ ಮಾತ್ರ ಕೂರುತ್ತೇನೆ.

ಅಡುಗೆಮನೆ ಗೂಡಿನಲ್ಲಿ ನಾಲ್ಕು ಡಬ್ಬ ಇಟ್ಟಿದ್ದೇವೆ. ನಾಲ್ಕನೆಯದರ ಮೇಲೆ "ಮಣಿಕಟ್ಟು" ಅಂತ ಬರೆದಿದ್ದಾಳೆ. ಮಗಳು ಯಾಕೆ ಅಂತ ಕೇಳಿದಳು, ನಿಮ್ಮ ಅಪ್ಪನ ಕಥೆ ಹೇಳಿದೆ ಅಕ್ಕಾ.

ಮೋಟರ್ ಅಂಗಡಿ ಮಗಳು

ಓದಿ ಕಣ್ಣು ತುಂಬಿ ಬಂತು. ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಮೋಟರ್ ಕಲಿಯುವುದಿದ್ದರೆ ಭಾನುವಾರ ಬಂದುಬಿಡಲಿ, ಮನೆಯಲ್ಲೇ ಇರುತ್ತೇನೆ ಅಂದರು.

ಸಾಗರ ರಸ್ತೆ

ಈಗ ನನಗೆ ಸಮಾಧಾನ ಆಯಿತು. ಒಂದೇ ಮಾತು: 33,200ಕ್ಕೆ ಆರು ತಿಂಗಳು ಅಂದರೆ ಹತ್ತಿರ ಎರಡು ಲಕ್ಷ. ಅಷ್ಟನ್ನು ಬೇರೆ ಖಾತೆಗೆ ಹಾಕಿಬಿಡಿ. ಅದರ ಎಟಿಎಂ ಕಾರ್ಡ್ ಅವರ ಕೈಯಲ್ಲಿರಲಿ.

ಗೋಪಾಳದವ

ಜುಲೈ ಆಯಿತು, ಒಂದು ಸುದ್ದಿ ಹೇಳೋಣ ಅಂತ ಬಂದೆ. ಪತ್ರ ಕೊಟ್ಟಾಯಿತು. ಶಾಖೆಯಲ್ಲಿ ಒಬ್ಬೊಬ್ಬರೇ ಬಂದು ಮೆಲ್ಲಗೆ, ಏನು ಮಾಡುತ್ತೀಯಾ ಅಂತ ಕೇಳುತ್ತಿದ್ದಾರೆ. ಮಾತ್ರೆ ತಪ್ಪಿಸಿಲ್ಲ, ಬಿಪಿ 136/88.

ಮಳೆ ಜೋರಿದೆ. ಈ ಮೂರು ಭಾನುವಾರ ಶೆಡ್ಡಿಗೆ 14 ಮಿಷನ್ ಬಂದವು. ಒಬ್ಬರು ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು, ಮಿಷನ್ ಹೆಗಲ ಮೇಲೆ ಹೊತ್ತು ನಡೆದೇ ಬಂದಿದ್ದರು. ಪೆಟ್ರೋಲ್ ಯಾವಾಗ ತುಂಬಿಸಿದ್ದು ಅಂತ ಕೇಳಿದೆ. ಗೌರಿಹಬ್ಬಕ್ಕೆ ಅಂದರು. ಡಯಾಫ್ರಾಮ್ ಒತ್ತಿ ನೋಡಿದೆ, ನೀವು ಹೇಳಿದ ಹಾಗೇ ಕಟ್ ಅಂದಿತು. ಕಿಟ್ ಬದಲಾಯಿಸಿದೆ, ಎರಡನೇ ಎಳೆತಕ್ಕೆ ಎದ್ದಿತು. ಅಜ್ಜ ಒಳಗಿನ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಬಿಡಿಭಾಗದ ದುಡ್ಡು ಎಣಿಸಿ ಕೊಟ್ಟರು. ಮಜೂರಿಗೆ ಅಡಿಕೆ ಆದ ಮೇಲೆ ಅಂದರು. ಹೆಂಡತಿ ಪುಸ್ತಕದಲ್ಲಿ ಬರೆದುಕೊಂಡಳು.

ಮೆಕ್ಯಾನಿಕ್ ಅಣ್ಣ, ಒಂದು ಮಿಷನ್ ಮಾತ್ರ ನನ್ನ ಕೈಗೆ ಬಗ್ಗುತ್ತಿಲ್ಲ. ಕಿಟ್ ಹೊಸದು, ಫಿಲ್ಟರ್ ಹೊಸದು, ಮಸಿ ತೆಗೆದಿದ್ದೇನೆ. ಬಿಸಿ ಆಗುವವರೆಗೆ ಚೆನ್ನಾಗಿ ಓಡುತ್ತದೆ. ಹತ್ತು ನಿಮಿಷಕ್ಕೆ ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ.

ತೀರ್ಥಹಳ್ಳಿ ಮೆಕ್ಯಾನಿಕ್

ನಿಂತ ತಕ್ಷಣ ಪ್ಲಗ್ ಬಿಚ್ಚಿ ಕಿಡಿ ಬರುತ್ತದಾ ನೋಡಿ. ಬಿಸಿಯಲ್ಲಿ ಕಿಡಿ ಇಲ್ಲ ಅಂದರೆ ಇಗ್ನಿಷನ್ ಕಾಯಿಲ್ ಹೋಗಿದೆ. ಹೊಸದು ತರಿಸಬೇಡಿ, ನನ್ನ ಹತ್ತಿರ ಒಂದು ಹಳೇದು ಇದೆ, ಹಾಕಿ ನೋಡೋಣ. ಈ ಭಾನುವಾರ ಮಿಷನ್ ತೆಗೆದುಕೊಂಡು ಬನ್ನಿ. ಮಂಡಗದ್ದೆ ಹತ್ತಿರ ರಸ್ತೆಗೆ ಮರ ಬಿದ್ದಿತ್ತು ಅಂದರು, ಹೊರಡುವ ಮುಂಚೆ ಒಂದು ಫೋನ್ ಮಾಡಿ.